ಮನೆ ವರ್ಕ್‌ಶಾಪಿಗೆ ವೆಲ್ಡಿಂಗ್ ಟೇಬಲ್: ಸೊಟ್ಟ ಆಗದ ಹಾಗೆ ಕಟ್ಟೋದು ಹೇಗೆ?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೀನಿ. ಅಳತೆ, ಲೆಕ್ಕ ಜಾಸ್ತಿ ಇರೋದ್ರಿಂದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡೋದಕ್ಕಿಂತ ಓದೋದು ಸುಲಭ. ಕೆಲಸ ಮಾಡುವಾಗ ಪ್ರಿಂಟ್ ತೆಗೆದು ಪಕ್ಕದಲ್ಲಿ ಇಟ್ಕೊಳ್ಳಿ.

ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಈಗ ಒಂದು ಮೊಬೈಲಿನ ಬೆಲೆಗೆ ಸಿಗತ್ತೆ. ಹಾಗಾಗಿ ಬಹಳ ಜನ ತಂದು, ಪಾರ್ಕಿಂಗ್ ನೆಲದ ಮೇಲೇ ಶುರು ಮಾಡ್ತಾರೆ. ಮೊದಲು ಒಂದು ಸ್ಟೂಲು, ಆಮೇಲೆ ಒಂದು ಶೆಲ್ಫು, ಆಮೇಲೆ ಒಂದು ಸಣ್ಣ ಗೇಟು. ಸ್ಟೂಲು ಅಲ್ಲಾಡತ್ತೆ, ಗೇಟು ಚೌಕಟ್ಟಿಗೆ ಕೂಡಲ್ಲ. ಆಗ ನಮ್ಮ ಕೈ ಇನ್ನೂ ಪಳಗಿಲ್ಲ ಅಂದ್ಕೊಳ್ತೀವಿ. ಬೆಸುಗೆ ನೋಡಿದ್ರೆ ಚೆನ್ನಾಗೇ ಇರತ್ತೆ. ಕೊರತೆ ಇರೋದು ಕೆಳಗೆ: ಇದಕ್ಕೆ ಹೋಲಿಸಿ ಸರಿ ಮಾಡು ಅನ್ನೋದಕ್ಕೆ ಒಂದು ಸಪಾಟಾದ ಜಾಗ ಇಲ್ಲ. ವೆಲ್ಡಿಂಗ್ ಟೇಬಲ್ ಅಂದ್ರೆ ಆ ಜಾಗ. ಅದು ಸೊಟ್ಟ ಇದ್ರೆ ಅದರ ಮೇಲೆ ಹುಟ್ಟೋ ಪ್ರತಿಯೊಂದೂ ಸೊಟ್ಟ.

ಒಂದೇ ವಾಕ್ಯದಲ್ಲಿ ಈ ಲೇಖನದ ಸಾರ ಹೇಳೋದಾದ್ರೆ: ಟೇಬಲ್ಲಿನ ಮೇಲಿನ ಪ್ಲೇಟನ್ನು ಫ್ರೇಮಿಗೆ ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ. ಯಾಕೆ, ಹೇಗೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಮೊದಲು ಟೇಬಲ್, ಆಮೇಲೆ ಗೇಟು

"ಒಂದು ಗೇಟು ಮಾಡೋಕೆ ಎರಡು ವಾರಾಂತ್ಯ ಟೇಬಲ್ಲಿಗೆ ಕಳೀಬೇಕಾ?" ಅಂತ ಕೇಳೋರಿಗೆ ನಮ್ಮ ಪುಣೆಯದ್ದೇ ಒಂದು ಉದಾಹರಣೆ ಇದೆ. ಇವತ್ತು ಟಾಟಾ ಮೋಟರ್ಸ್ ಅಂತ ಕರೆಯೋ ಟೆಲ್ಕೊ, ಪಿಂಪ್ರಿಯ ಕಾರ್ಖಾನೆಯನ್ನ ಸ್ಥಾಪಿಸಿದ್ದು 1966ರಲ್ಲಿ. ಪುಣೆಯಲ್ಲಿ ಮೊದಲ ವಾಣಿಜ್ಯ ವಾಹನ ತಯಾರಾಗಿದ್ದು 1977ರಲ್ಲಿ. ನಡುವೆ ಹನ್ನೊಂದು ವರ್ಷ. ಸುಮಂತ್ ಮೂಲ್ಗಾಂವ್ಕರ್ ಮುಂದೆ ನಿಂತು ಬೆಳೆಸಿದ ಈ ಕಾರ್ಖಾನೆ ಹೆಸರು ಮಾಡಿದ್ದು ಡೈ, ಜಿಗ್, ಫಿಕ್ಸ್ಚರ್, ಮಷಿನ್ ಟೂಲ್‌ಗಳನ್ನ ತಾನೇ ಮಾಡಿಕೊಳ್ಳೋ ವಿಭಾಗಕ್ಕೆ. ವಾಹನ ಮಾಡೋದಕ್ಕೆ ಮೊದಲು ವಾಹನ ಮಾಡೋ ಸಲಕರಣೆ. ಇವತ್ತಿಗೂ ಭೋಸರಿ, ಚಾಕಣ್ ಕಡೆ ಕಾರಿನ ಬಾಡಿ ಬೆಸುಗೆಗೆ ಫಿಕ್ಸ್ಚರ್ ಮಾಡೋ ಶಾಪ್‌ಗಳಿವೆ. ಅಲ್ಲಿ ತುಂಡುಗಳನ್ನ ಕೈಯಲ್ಲಿ ಹಿಡಿದು ಬೆಸೆಯೋದಿಲ್ಲ. ತಪ್ಪಾಗಿ ಕೂರೋಕೇ ಆಗದ ಹಾಗೆ ಮೊದಲು ಹಿಡಿಸ್ತಾರೆ. ನಮ್ಮ ಟೇಬಲ್ ಅದೇ ವಿಚಾರದ ಮನೆಮಟ್ಟದ ರೂಪ.

ನೆಲ ಯಾಕೆ ಬೇಡ

ಪಾರ್ಕಿಂಗ್ ನೆಲಕ್ಕೆ ಮಳೆನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರ್ತಾರೆ. ಇಳಿಜಾರು ತೊಂದರೆ ಅಲ್ಲ. ಉಬ್ಬು ತಗ್ಗು ತೊಂದರೆ. ಇಲ್ಲಿ ಎರಡು ಮಾತುಗಳನ್ನ ಬೇರೆ ಮಾಡ್ಕೊಳ್ಳಿ: ಸಪಾಟ ಬೇರೆ, ಮಟ್ಟ ಬೇರೆ. ಓರೆಯಾಗಿ ಇಟ್ಟ ಗಾಜು ಸಪಾಟಾಗಿದೆ, ಆದರೆ ಮಟ್ಟವಾಗಿಲ್ಲ. ಬೆಸುಗೆ ಕೆಲಸಕ್ಕೆ ಬೇಕಾಗಿರೋದು ಸಪಾಟ. ಮಟ್ಟ ಇದ್ರೆ ಅನುಕೂಲ, ಅಷ್ಟೇ.

ಇನ್ನು ಕಾಂಕ್ರೀಟು. ಅದರೊಳಗೆ ತೇವ ಇರತ್ತೆ. ಒಂದೇ ಜಾಗಕ್ಕೆ ಬಿಸಿ ಬಿದ್ದಾಗ ಆ ತೇವ ಆವಿಯಾಗಿ, ಮೇಲಿನ ಪದರ ಚಟ್ ಅಂತ ಸಿಡಿಯಬಹುದು. ಟೈಲ್ಸ್ ಆದ್ರೆ ಬಿರುಕು ಬಿಡತ್ತೆ.

ಎಲ್ಲಕ್ಕಿಂತ ದೊಡ್ಡದು ನಮ್ಮ ದೇಹ. ರಸ್ತೆ ಪಕ್ಕದ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ ಬೆಸೆಯೋರನ್ನ ದಿನಾ ನೋಡ್ತೀವಿ. ಬಿಸಿ ಹೊಗೆ ನೇರ ಮೇಲಕ್ಕೆ ಏಳತ್ತೆ, ಮೇಲೆ ಇರೋದು ಮೂಗು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಟೇಬಲ್ ಹೊಗೆಯನ್ನ ಇಲ್ಲ ಅನ್ನಿಸಲ್ಲ. ಆದರೆ ನಿಂತು, ಮುಖವನ್ನ ಪಕ್ಕಕ್ಕೆ ಇಟ್ಟು ಕೆಲಸ ಮಾಡೋಕೆ ಬಿಡತ್ತೆ.

ಬೆಸುಗೆ ಯಾಕೆ ಎಳೆಯತ್ತೆ

ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದ್ರೆ ಸುಮಾರು 12 ಮೈಕ್ರಾನ್ ಹಿಗ್ಗತ್ತೆ. ನೂರು ಡಿಗ್ರಿಗೆ 1.2 ಮಿ.ಮೀ. ಇಡೀ ತುಂಡು ಒಂದೇ ಸಮ ಬಿಸಿಯಾಗಿ ಒಂದೇ ಸಮ ತಣ್ಣಗಾದ್ರೆ ಏನೂ ಆಗಲ್ಲ, ಹಿಗ್ಗಿದ್ದು ವಾಪಸ್ ಬರತ್ತೆ. ಬೆಸುಗೆಯಲ್ಲಿ ಹಾಗಾಗಲ್ಲ. ಒಂದು ಗೆರೆ ಮಾತ್ರ ಕರಗೋಷ್ಟು, ಅಂದ್ರೆ 1500 ಡಿಗ್ರಿ ಆಸುಪಾಸು ಬಿಸಿಯಾಗತ್ತೆ. ಸುತ್ತ ಇರೋ ಲೋಹ ತಣ್ಣಗಿದೆ. ಹಿಗ್ಗೋಕೆ ಹೊರಟ ಬಿಸಿ ಭಾಗವನ್ನ ತಣ್ಣಗಿನ ಲೋಹ ತಡೆಯತ್ತೆ. ಮೆತ್ತಗಾಗಿರೋ ಬಿಸಿ ಲೋಹ ಉದ್ದಕ್ಕೆ ಹೋಗೋಕಾಗದೆ ತನ್ನೊಳಗೇ ಒತ್ತಿಕೊಂಡು ದಪ್ಪವಾಗತ್ತೆ. ಆಮೇಲೆ ತಣ್ಣಗಾಗುವಾಗ ಕುಗ್ಗತ್ತೆ. ಈಗ ಅದರ ಉದ್ದ ಮೊದಲಿಗಿಂತ ಕಡಿಮೆ. ಆ ಕಡಿಮೆ ಬಿದ್ದಿದ್ದನ್ನ ಅಕ್ಕಪಕ್ಕದಿಂದ ಎಳ್ಕೊಳ್ಳತ್ತೆ. ಒದ್ದೆ ಬಟ್ಟೆ ಒಣಗುವಾಗ ಹೊಲಿಗೆ ಇರೋ ಕಡೆ ಸುಕ್ಕು ಬರತ್ತಲ್ಲ, ಅದೇ ರೀತಿ.

ಈಗ ಟೇಬಲ್ಲಿಗೆ ಬನ್ನಿ. ಪ್ಲೇಟನ್ನ ಫ್ರೇಮ್ ಮೇಲಿಟ್ಟು ಕೆಳಗಿಂದ ಸುತ್ತಲೂ ಬೆಸೆದ್ರೆ ಏನಾಗತ್ತೆ? ಪ್ಲೇಟಿನ ಕೆಳಮೈ ಮಾತ್ರ ಕುಗ್ಗತ್ತೆ, ಮೇಲ್ಮೈ ಕುಗ್ಗಲ್ಲ. ಪ್ಲೇಟು ಆಮೆ ಬೆನ್ನಿನ ಹಾಗೆ ಉಬ್ಬತ್ತೆ. "ದಪ್ಪ ಪ್ಲೇಟ್ ಹಾಕಿದ್ರೆ ಉಬ್ಬಲ್ಲ" ಅಂತ ಅಂಗಡಿಯವರು ಹೇಳ್ತಾರೆ. ದಪ್ಪ ಆದಷ್ಟೂ ಉಬ್ಬೋದು ಕಡಿಮೆ ಅನ್ನೋದು ನಿಜ, ಆದರೆ ಉಬ್ಬಿದ್ದನ್ನ ಸರಿ ಮಾಡೋದು ಅಷ್ಟೇ ಕಷ್ಟ. ಬೋಲ್ಟ್ ಹಾಕಿದ ಪ್ಲೇಟನ್ನ ಇವತ್ತೂ ಸರಿಪಡಿಸಬಹುದು, ಐದು ವರ್ಷ ಆದಮೇಲೂ ಸರಿಪಡಿಸಬಹುದು.

ದಪ್ಪಕ್ಕೂ ಗಟ್ಟಿತನಕ್ಕೂ ಲೆಕ್ಕ

ಒಂದು ಮೀಟರ್ ಉದ್ದ, 600 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಪ್ಲೇಟನ್ನ ಎರಡು ತುದಿಯಲ್ಲಿ ಮಾತ್ರ ಆನಿಸಿ, ನಡುವೆ 100 ಕೆಜಿ ಇಟ್ರೆ ಅದು ಸುಮಾರು 4 ಮಿ.ಮೀ. ಬಾಗತ್ತೆ. ಅದೇ ಒಂದು ಮೀಟರ್ ಅಂತರಕ್ಕೆ 50×50×3 ಮಿ.ಮೀ. ಸ್ಕ್ವೇರ್ ಪೈಪ್ ಎರಡು ಇಟ್ಟು ಅದೇ 100 ಕೆಜಿ ಹಾಕಿದ್ರೆ ಬಾಗೋದು ಕಾಲು ಮಿ.ಮೀ. ಅಷ್ಟೇ. ಪ್ಲೇಟಿನ ತೂಕ ಸುಮಾರು 38 ಕೆಜಿ. ಎರಡು ಪೈಪಿನದ್ದು ಒಟ್ಟು ಎಂಟೂವರೆ ಕೆಜಿ. ಕಾಲು ಭಾಗಕ್ಕಿಂತ ಕಡಿಮೆ ಉಕ್ಕಿನಲ್ಲಿ ಹದಿನೈದು ಪಟ್ಟು ಹೆಚ್ಚು ಗಟ್ಟಿತನ. ಗಟ್ಟಿತನ ಬರೋದು ಉಕ್ಕು ಎಷ್ಟು ಆಳಕ್ಕೆ ಹರಡಿದೆ ಅನ್ನೋದರಿಂದ. ಹಾಗಾಗಿ ದುಡ್ಡು ಫ್ರೇಮಿಗೆ ಹಾಕಿ. ಪ್ಲೇಟಿಗೆ ಬೇಕಾಗಿರೋದು ಕಿಡಿ, ಸುತ್ತಿಗೆ ಏಟು, ಕ್ಲಾಂಪಿನ ಹಿಡಿತ ತಡೆಯೋಷ್ಟು ದಪ್ಪ. ಮನೆ ಕೆಲಸಕ್ಕೆ 8 ಮಿ.ಮೀ. ಸಾಕು, 10 ಇದ್ರೆ ಸಂತೋಷ.

ಎಮ್‌ಎಸ್ ಪ್ಲೇಟಿನ ತೂಕ ಲೆಕ್ಕ ಹಾಕೋದು ಸುಲಭ: ಒಂದು ಚದರ ಮೀಟರಿಗೆ, ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕೆಜಿ. ಅಂಗಡಿಯವರು ಕೆಜಿ ರೇಟಲ್ಲೇ ಕೊಡೋದ್ರಿಂದ ಈ ಒಂದು ಸಂಖ್ಯೆ ಗೊತ್ತಿದ್ರೆ ಬಿಲ್ಲನ್ನ ಮನೆಯಲ್ಲೇ ಅಂದಾಜು ಮಾಡಬಹುದು.

ನಮ್ಮ ಡಿಸೈನ್

ಮೇಲಿನ ಪ್ಲೇಟ್: 1000×600×8 ಮಿ.ಮೀ. ಅಂಚಿನಿಂದ 50 ಬಿಟ್ಟು, ಪ್ರತಿ 100 ಮಿ.ಮೀ.ಗೆ ಒಂದರಂತೆ 16 ಮಿ.ಮೀ. ತೂತು. ಉದ್ದಕ್ಕೆ 10, ಅಗಲಕ್ಕೆ 6, ಒಟ್ಟು 60 ತೂತು. ಕ್ಲಾಂಪು, ಸ್ಟಾಪ್ ಪಿನ್ನು ಎಲ್ಲ ಇಲ್ಲೇ ಕೂರೋದು.

ಮೇಲಿನ ಫ್ರೇಮ್: 50×50×3 ಸ್ಕ್ವೇರ್ ಪೈಪಲ್ಲಿ 840×440. ಅಂದ್ರೆ ಪ್ಲೇಟು ನಾಲ್ಕೂ ಕಡೆ 80 ಮಿ.ಮೀ. ಹೊರಗೆ ಚಾಚಿರತ್ತೆ. 80 ಯಾಕೆ ಅಂದ್ರೆ, ಪೈಪು ಅಂಚಿನಿಂದ 80ಕ್ಕೆ ಶುರುವಾಗಿ 130ಕ್ಕೆ ಮುಗಿಯತ್ತೆ. ತೂತಿನ ಮೊದಲ ಸಾಲು 50ರಲ್ಲಿ, ಎರಡನೇದು 150ರಲ್ಲಿ. ನಡುವಿನ ಅಡ್ಡ ಪೈಪು 475ರಿಂದ 525, ಅಕ್ಕಪಕ್ಕದ ತೂತುಗಳು 450 ಮತ್ತು 550ರಲ್ಲಿ. ಯಾವ ತೂತಿನ ಕೆಳಗೂ ಪೈಪು ಬರಲ್ಲ. ಅಳತೆ ಬದಲಾಯಿಸೋದಾದ್ರೆ ಈ ಹೊಂದಾಣಿಕೆಯನ್ನ ಕಾಗದದ ಮೇಲೇ ನೋಡ್ಕೊಳ್ಳಿ. ಟೇಬಲ್ ಕಟ್ಟಿದ ಮೇಲೆ ಕ್ಲಾಂಪು ಇಳಿಯದ ತೂತು ಇದ್ದೂ ಇಲ್ಲದ ಹಾಗೆ.

ಪೈಪ್ ಪಟ್ಟಿ ಹೀಗಿದೆ: 840ರದ್ದು 2, ಅಡ್ಡಕ್ಕೆ 340ರದ್ದು 3, ಕಾಲಿಗೆ 780ರದ್ದು 4, ಕೆಳಗಿನ ಅಡ್ಡಪಟ್ಟಿಗೆ 340ರದ್ದು 2 ಮತ್ತು 740ರದ್ದು 1. ಒಟ್ಟು 7.24 ಮೀಟರ್. ಪೈಪು ಬರೋದು 6 ಮೀಟರ್ ಉದ್ದದಲ್ಲಿ, ಹಾಗಾಗಿ ಎರಡು ತರಬೇಕು. ಉಳಿದದ್ದು ವ್ಯರ್ಥ ಅಲ್ಲ, ಮುಂದಿನ ಕೆಲಸಕ್ಕೆ ಇರತ್ತೆ. ಕಾಲಿನ ತಳಕ್ಕೆ ಒಂದು ತುಂಡು ಪ್ಲೇಟು, ಅದಕ್ಕೆ ಎಮ್16 ನಟ್ಟು, ಅದರೊಳಗೆ ಬೋಲ್ಟು. ಇದೇ ಎತ್ತರ ಹೊಂದಿಸೋ ಪಾದ. ಎಲ್ಲ ಸೇರಿ ಟೇಬಲ್ಲು 70 ಕೆಜಿ ಹತ್ತಿರ, ಎತ್ತರ ಸುಮಾರು 880 ಮಿ.ಮೀ. ನಿಮ್ಮ ಮೊಣಕೈಗಿಂತ ಒಂದು ಗೇಣು ಕೆಳಗೆ ಬರೋ ಹಾಗೆ ಕಾಲಿನ ಉದ್ದ ಬದಲಿಸ್ಕೊಳ್ಳಿ.

ಪ್ಲೇಟನ್ನ ಹಿಡಿಯೋಕೆ 50×40×8ರ ಎಂಟು ಟ್ಯಾಬ್. ಉದ್ದದ ಪೈಪುಗಳ ಒಳಮೈಗೆ, ಒಂದೊಂದಕ್ಕೆ ನಾಲ್ಕರಂತೆ, ಪ್ಲೇಟಿನ ಅಂಚಿನಿಂದ 200, 400, 600, 800ರಲ್ಲಿ. ಇವೂ ತೂತಿನ ಸಾಲುಗಳ ನಡುವೆ ಬರತ್ತೆ. ಪ್ರತಿ ಟ್ಯಾಬಲ್ಲಿ ಎರಡು ತೂತು: ಒಂದು ಎಮ್10 ಮರೆಯಿರೋದು, ಅದರಲ್ಲಿನ ಬೋಲ್ಟು ಪ್ಲೇಟನ್ನ ಮೇಲಕ್ಕೆ ತಳ್ಳತ್ತೆ. ಇನ್ನೊಂದು 9 ಮಿ.ಮೀ. ಸಾದಾ ತೂತು, ಅದರ ಮೂಲಕ ಪ್ಲೇಟಿನ ಮೇಲಿಂದ ಇಳಿಯೋ ಎಮ್8 ಕೌಂಟರ್‌ಸಂಕ್ ಬೋಲ್ಟು ಪ್ಲೇಟನ್ನ ಕೆಳಕ್ಕೆ ಎಳೆಯತ್ತೆ. ಒಂದು ತಳ್ಳತ್ತೆ, ಒಂದು ಎಳೆಯತ್ತೆ. ಎರಡೂ ಬಿಗಿಯಾದಾಗ ಪ್ಲೇಟು ನಾವು ಹೇಳಿದ ಎತ್ತರದಲ್ಲಿ ನಿಲ್ಲತ್ತೆ.

ಪುಣೆಯಲ್ಲಿ ಸಾಮಾನು

ಪ್ಲೇಟನ್ನ ಭೋಸರಿ ಎಮ್‌ಐಡಿಸಿ ಕಡೆಯ ಲೇಸರ್ ಕಟಿಂಗ್ ಶಾಪಲ್ಲಿ ಮಾಡಿಸಿ. ಡಿಎಕ್ಸ್‌ಎಫ್ ಫೈಲ್ ಕೊಡುವಾಗ ಅಳತೆ ಮಿ.ಮೀ.ನಲ್ಲಿದೆ ಅಂತ ಬಾಯಿ ಬಿಟ್ಟು ಹೇಳಿ, ಒಂದು ಅಳತೆಯನ್ನ ಅವರ ಸ್ಕ್ರೀನ್ ಮೇಲೆ ನೋಡಿ ಬನ್ನಿ. ಎಂಟು ಟ್ಯಾಬನ್ನೂ ಅದೇ ಫೈಲಿಗೆ ಸೇರಿಸಿ. ಗ್ಯಾಸ್ ಕಟಿಂಗಲ್ಲಿ ಅಂಚಿಗೆ ಬಿಸಿ ಜಾಸ್ತಿ ಬಿದ್ದು ಪ್ಲೇಟ್ ಬಾಗಬಹುದು, ಅದು ಬೇಡ. ತಗೊಳ್ಳೋ ಮೊದಲು ಒಂದು ಪಟ್ಟಿ ಅಡ್ಡ ಇಟ್ಟು ಕೆಳಗಿಂದ ಬೆಳಕು ಎಷ್ಟು ಕಾಣತ್ತೆ ನೋಡಿ. ಬಾಗಿದ ಹಾಳೆ ಬಿಟ್ಟು ಇನ್ನೊಂದು ಕೇಳಿ.

ನಟ್ಟು, ಬೋಲ್ಟು, ಟ್ಯಾಪು, ಡ್ರಿಲ್ ಬಿಟ್ಟಿಗೆ ರವಿವಾರ ಪೇಠೆಯ ಬೋಹರಿ ಆಳಿ. ಹಳೇ ಸಿ-ಕ್ಲಾಂಪು, ಬೆಂಚ್ ವೈಸು ಬೇಕಂದ್ರೆ ಬುಧವಾರ, ಭಾನುವಾರ ಸೇರೋ ಜುನಾ ಬಜಾರಲ್ಲಿ ಹುಡುಕಿ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಮೂರು ಮಾತು. ಇಲ್ಲಿ ದಪ್ಪವನ್ನ "ಸೂತ್" ಲೆಕ್ಕದಲ್ಲಿ ಹೇಳ್ತಾರೆ. ಎಂಟು ಸೂತ್ ಒಂದು ಇಂಚು, ಅಂದ್ರೆ ಎರಡು ಸೂತ್ ಸುಮಾರು 6 ಮಿ.ಮೀ., ಮೂರು ಸೂತ್ ಒಂಬತ್ತೂವರೆ. ಮೂಲೆಮಟ್ಟಕ್ಕೆ "ಗುಣ್ಯಾ" ಅಂತಾರೆ. 90 ಡಿಗ್ರಿ ಬೇಕಂದ್ರೆ "ಕಾಟ್‌ಕೋನಾತ್ ಪಾಹಿಜೆ" ಅನ್ನಿ.

ಪೈಪು ತಗೊಳ್ಳುವಾಗ ಜಿಐ, ಅಂದ್ರೆ ಸತುವಿನ ಲೇಪದ್ದು ಬೇಡ. ಸತು 907 ಡಿಗ್ರಿಗೇ ಕುದಿಯತ್ತೆ, ಉಕ್ಕು ಕರಗೋದಕ್ಕೂ ಬಹಳ ಮೊದಲೇ. ಆ ಬಿಳಿ ಹೊಗೆ ಕುಡಿದ್ರೆ ಸಂಜೆ ಹೊತ್ತಿಗೆ ಚಳಿ, ಜ್ವರ, ಮೈಕೈ ನೋವು ಬರತ್ತೆ. ಕಪ್ಪು ಎಮ್‌ಎಸ್ ಪೈಪೇ ತನ್ನಿ.

ಮೊದಲ ಸಪಾಟು ಎಲ್ಲಿಂದ?

ಈಗ ಒಂದು ಒಗಟು. ಸಪಾಟಾದ ಟೇಬಲ್ ಕಟ್ಟೋಕೆ ಸಪಾಟಾದ ಟೇಬಲ್ ಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಮೊದಲ ಕಂಪೈಲರನ್ನ ಯಾವುದರಿಂದ ಕಂಪೈಲ್ ಮಾಡಿದ್ರು ಅಂತ ಕೇಳ್ತೀವಲ್ಲ, ಅದೇ ಪ್ರಶ್ನೆ.

ಲೋಹದ ಕೆಲಸದಲ್ಲಿ ಇದಕ್ಕೆ ಹೆಸರಾದ ಉತ್ತರ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಅವರದ್ದು. 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಅವರು ಮೂರು ಪ್ಲೇಟಿನ ವಿಧಾನವನ್ನ ವಿವರಿಸಿದ್ರು. ಎರಡು ಪ್ಲೇಟನ್ನ ಒಂದಕ್ಕೊಂದು ಹೊಂದಿಸಿದ್ರೆ, ಒಂದು ಉಬ್ಬಿ ಇನ್ನೊಂದು ತಗ್ಗಾಗಿ ಇದ್ದರೂ ಅವು ಸರಿಯಾಗೇ ಕೂರತ್ತೆ. ಮೂರನೇದು ಬಂದಾಗ ಈ ಆಟ ನಡೆಯಲ್ಲ. ಒಂದನೇದು ಎರಡಕ್ಕೂ, ಎರಡನೇದು ಮೂರಕ್ಕೂ, ಮೂರನೇದು ಒಂದಕ್ಕೂ ಕೂರಬೇಕಾದ್ರೆ ಮೂರೂ ಸಪಾಟಾಗಿರಲೇಬೇಕು. ಯಾವ ಮಾದರಿಯನ್ನೂ ಎರವಲು ತರದೆ ಸಪಾಟು ಹುಟ್ಟಿತು.

ನಾವು ಪ್ಲೇಟು ಕೆರೆಯೋಕೆ ಕೂರಬೇಕಾಗಿಲ್ಲ. ಆ ಯುಕ್ತಿಯ ತಿರುಳು ಸಾಕು: ಸಾಧನವನ್ನ ಅದಕ್ಕೇ ಹೋಲಿಸಿ ಪರೀಕ್ಷೆ ಮಾಡೋದು. ಗಾರೆ ಕೆಲಸದವರು ಬಳಸೋ ಅಲ್ಯೂಮಿನಿಯಂ ಮಟ್ಟಗೋಲು ತಗೊಳ್ಳಿ. ಪ್ಲೈವುಡ್ ಮೇಲೆ ಇಟ್ಟು ಅದರ ಅಂಚಿಗೆ ಪೆನ್ಸಿಲ್ ಗೆರೆ ಎಳೀರಿ. ಈಗ ಗೋಲನ್ನ ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚನ್ನ ಎರಡೂ ತುದಿಗೆ ಹೊಂದಿಸಿ, ಇನ್ನೊಂದು ಗೆರೆ ಎಳೀರಿ. ಎರಡು ಗೆರೆಯ ನಡುವಿನ ಅಂತರದ ಅರ್ಧ, ಆ ಅಂಚಿನ ದೋಷ. ರಸಮಟ್ಟಕ್ಕೂ ಇದೇ ಪರೀಕ್ಷೆ: ಅದೇ ಜಾಗದಲ್ಲಿ ಹಿಂದುಮುಂದು ಮಾಡಿಟ್ರೂ ಗುಳ್ಳೆ ಅದೇ ಕಡೆ ನಿಲ್ಲಬೇಕು. ಗುಣ್ಯಾವನ್ನೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಟ್ಟು ಗೆರೆ ಎಳೆದು ನೋಡಿ. ಹೊಸ ಗುಣ್ಯಾ ಅಂದಮಾತ್ರಕ್ಕೆ 90 ಡಿಗ್ರಿ ಅಂತ ನಂಬಬೇಡಿ.

ಕಟ್ಟುವ ಕ್ರಮ

ನಿಮ್ಮ ಹತ್ತಿರ ಇರೋದರಲ್ಲಿ ಅತಿ ಸಪಾಟಾದ ವಸ್ತು ಆ ಲೇಸರ್ ಪ್ಲೇಟೇ. ಅದನ್ನ ನೆಲದಲ್ಲಿ ಆರು ಇಟ್ಟಿಗೆ ಮೇಲೆ ಇಡಿ. ಮಟ್ಟಗೋಲು ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡ್ತಾ, ತಗ್ಗಿರೋ ಕಡೆ ಇಟ್ಟಿಗೆಯ ಮೇಲೆ ಕಾಗದ, ರಟ್ಟು ಸೇರಿಸಿ. ಫ್ರೇಮನ್ನ ಇದರ ಮೇಲೆ ತಲೆಕೆಳಗಾಗಿ ಕಟ್ಟೋದು.

ಪೈಪ್ ತುಂಡುಗಳ ತುದಿಯ ಮುಳ್ಳನ್ನ ಗ್ರೈಂಡರಲ್ಲಿ ತೆಗೀರಿ. ಪ್ಲೇಟಿನ ಮೇಲೆ ಜೋಡಿಸಿ, ಕ್ಲಾಂಪ್ ಹಾಕಿ. 840×440ರ ಕರ್ಣ 948 ಮಿ.ಮೀ. ಬರಬೇಕು. ಆ ಸಂಖ್ಯೆಗಿಂತ ಎರಡೂ ಕರ್ಣ ಸಮ ಇರೋದು ಮುಖ್ಯ. ಸಮ ಇಲ್ಲ ಅಂದ್ರೆ ಉದ್ದವಾದ ಕರ್ಣದ ಮೂಲೆಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಆಮೇಲೆ ಟ್ಯಾಕ್. 2.5 ಮಿ.ಮೀ. 6013 ರಾಡು, 70ರಿಂದ 80 ಆಂಪಿಯರ್. ಪ್ರತಿ ಕೂಡಿಗೆಗೆ ಒಂದು ಸಣ್ಣ ಟ್ಯಾಕ್, ಮೂಲೆಯಿಂದ ಎದುರು ಮೂಲೆಗೆ ಹಾರ್ತಾ. ಮತ್ತೆ ಕರ್ಣ ಅಳೀರಿ. ಸರಿ ಇದ್ರೆ ಇನ್ನೊಂದು ಬದಿಗೆ ಟ್ಯಾಕ್. ಟ್ಯಾಕನ್ನ ಗ್ರೈಂಡರಲ್ಲಿ ಒಂದು ನಿಮಿಷದಲ್ಲಿ ಕತ್ತರಿಸಬಹುದು. ಪೂರ್ತಿ ಬೆಸೆದದ್ದನ್ನ ಬಿಡಿಸೋಕೆ ಅರ್ಧ ದಿನ. ಅದಕ್ಕೇ ಅಳತೆ ನೋಡೋದೆಲ್ಲ ಟ್ಯಾಕ್ ಹಂತದಲ್ಲೇ ಮುಗೀಬೇಕು. ಫ್ರೇಮು ಪ್ಲೇಟಿಗೆ ಅಂಟಿಕೊಂಡಿಲ್ಲ ಅಂತಲೂ ಆಗಾಗ ನೋಡ್ಕೊಳ್ಳಿ.

ಕಾಲುಗಳನ್ನ ನಿಲ್ಲಿಸಿ, ಎರಡು ಕಡೆಯಿಂದ ಗುಣ್ಯಾ ಇಟ್ಟು ಟ್ಯಾಕ್ ಮಾಡಿ. 3-4-5ರ ಲೆಕ್ಕದಲ್ಲಿ ಪರೀಕ್ಷಿಸಿ: ಮೂಲೆಯಿಂದ ಪೈಪಲ್ಲಿ 300, ಕಾಲಲ್ಲಿ 400, ನಡುವೆ 500 ಬಂದ್ರೆ ಕಾಟ್‌ಕೋನ. ಕೆಳಗಿನ ಅಡ್ಡಪಟ್ಟಿ, ಟ್ಯಾಬುಗಳನ್ನೂ ಟ್ಯಾಕ್ ಮಾಡಿ. ಎಲ್ಲ ಮುಗಿದ ಮೇಲೆ ಪೂರ್ತಿ ಬೆಸುಗೆ. ಒಂದು ಕಡೆ 50 ಮಿ.ಮೀ. ಬೆಸೆದು, ಅದರ ಎದುರಿಗೆ ಹೋಗಿ ಅಷ್ಟೇ ಬೆಸೀರಿ. ಒಂದೇ ಮೂಲೆಯ ನಾಲ್ಕೂ ಮುಖವನ್ನ ಒಟ್ಟಿಗೆ ಮುಗಿಸೋ ಆಸೆ ಬೇಡ. ನಡುವೆ ಚಹಾ ಕುಡೀರಿ, ಲೋಹ ಕೈಗೆ ಮುಟ್ಟೋಷ್ಟು ತಣ್ಣಗಾಗಲಿ.

ಎತ್ತಿ ನಿಲ್ಲಿಸಿದ ಮೇಲೆ ತಿರುಚು ಪರೀಕ್ಷೆ. ಫ್ರೇಮಿನ ಎದುರುಬದುರು ಮೂಲೆಗೆ ಎರಡು ದಾರ ಬಿಗಿಯಾಗಿ ಕಟ್ಟಿ. ನಡುವೆ ಅವು ಒಂದನ್ನೊಂದು ಸುಮ್ಮನೆ ಮುಟ್ಟಬೇಕು. ಆಮೇಲೆ ಮೇಲಿನ ದಾರವನ್ನ ಕೆಳಗೆ ಮಾಡಿ ಮತ್ತೆ ನೋಡಿ. ನಡುವೆ 1 ಮಿ.ಮೀ. ಅಂತರ ಇದ್ರೆ ಯಾವುದೋ ಒಂದು ಮೂಲೆ 2 ಮಿ.ಮೀ. ಏರಿದೆ ಅಥವಾ ಇಳಿದಿದೆ ಅಂತ ಅರ್ಥ. ಅಷ್ಟಕ್ಕೆ ಗಾಬರಿ ಬೇಡ, ಅದನ್ನ ನುಂಗೋಕೇ ತಳ್ಳೋ-ಎಳೆಯೋ ಬೋಲ್ಟು ಇರೋದು.

ಪ್ಲೇಟ್ ಕೂರಿಸೋದು

ಎಮ್8 ತೂತನ್ನ ಲೇಸರಲ್ಲೇ ಹಾಕಿಸೋದು ಬೇಡ. ಬೆಸುಗೆಯಾದ ಮೇಲೆ ಫ್ರೇಮು ಒಂದಷ್ಟು ಕುಗ್ಗಿರತ್ತೆ, ಟ್ಯಾಬಿನ ಜಾಗ ಸರಿದಿರತ್ತೆ. ಪ್ಲೇಟನ್ನ ಫ್ರೇಮ್ ಮೇಲಿಟ್ಟು, ಟ್ಯಾಬಿನ ತೂತಿಂದ ಗುರುತು ಹಾಕಿ, ಆಮೇಲೆ ಡ್ರಿಲ್ ಮಾಡಿ ಮೇಲಿನಿಂದ ಕೌಂಟರ್‌ಸಂಕ್ ತಗ್ಗು ತೆಗೀರಿ. ಬೋಲ್ಟಿನ ತಲೆ ಪ್ಲೇಟಿನ ಮೈಗಿಂತ ಕೂದಲೆಳೆಯಷ್ಟು ಕೆಳಗಿರಲಿ.

ಎಂಟೂ ತಳ್ಳೋ ಬೋಲ್ಟನ್ನ ಏರಿಸಿ, ಪ್ಲೇಟು ಪೈಪಿನಿಂದ 10 ಮಿ.ಮೀ. ಮೇಲೆ ನಿಲ್ಲಲಿ. ಮೊದಲು ನಾಲ್ಕು ತುದಿಯ ಜೋಡಿಗಳನ್ನ ಹೊಂದಿಸಿ, ಆಮೇಲೆ ಒಳಗಿನ ನಾಲ್ಕು. ಅಳೆಯೋಕೆ ಮಟ್ಟಗೋಲು ಮತ್ತು ಝೆರಾಕ್ಸ್ ಕಾಗದ ಸಾಕು. ಮಾಮೂಲಿ 80 ಜಿಎಸ್‌ಎಮ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಗೋಲಿನ ಕೆಳಗೆ ಎಷ್ಟು ಹಾಳೆ ತೂರತ್ತೆ ಎಣಿಸಿ. ಎಲ್ಲೇ ಇಟ್ರೂ ಐದು ಹಾಳೆ ತೂರಲ್ಲ ಅಂದ್ರೆ ದೋಷ ಅರ್ಧ ಮಿ.ಮೀ. ಒಳಗಿದೆ. ಗೇಟು, ಸ್ಟೂಲು, ಕಿಟಕಿ ಗ್ರಿಲ್ಲಿಗೆ ಅದು ಧಾರಾಳ.

ಪಾದದ ಬೋಲ್ಟು ಹೊಂದಿಸುವಾಗ ಮೂರು ಪಾದ ಮೊದಲು, ನಾಲ್ಕನೇದನ್ನ ನೆಲ ಮುಟ್ಟೋವರೆಗೆ ಮಾತ್ರ ಇಳಿಸಿ. ಮೂರು ಬಿಂದು ಯಾವ ನೆಲದ ಮೇಲೂ ಅಲ್ಲಾಡಲ್ಲ.

ಕರೆಂಟು

ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ. ರಾಡ್ ವೆಲ್ಡಿಂಗಲ್ಲಿ ಆರ್ಕ್ ವೋಲ್ಟೇಜನ್ನ 20 + 0.04 × ಆಂಪಿಯರ್ ಅಂತ ಲೆಕ್ಕ ಹಾಕ್ತಾರೆ. 80 ಆಂಪಿಯರಿಗೆ 23.2 ವೋಲ್ಟ್, ಅಂದ್ರೆ ಸುಮಾರು 1.9 ಕಿಲೋವ್ಯಾಟ್. ಮಷಿನ್ನಿನ ದಕ್ಷತೆ ಶೇ. 80, ಪವರ್ ಫ್ಯಾಕ್ಟರ್ 0.7 ಅಂತ ಹಿಡಿದ್ರೆ ಮನೆಯ 230 ವೋಲ್ಟಿಂದ ಎಳೆಯೋದು 14-15 ಆಂಪಿಯರ್. 16ರ ಸಾಕೆಟ್ಟಿಗೆ ಅಲ್ಲಿಂದಲ್ಲಿಗೆ. 3.15 ರಾಡಿಗೆ 120 ಆಂಪಿಯರ್ ಇಟ್ರೆ ಅದೇ ಲೆಕ್ಕದಲ್ಲಿ 23 ಆಗತ್ತೆ. ಎಮ್‌ಸಿಬಿ ಬೀಳತ್ತೆ. ಬೀಳೋದು ಅದರ ಕೆಲಸ. ದೊಡ್ಡ ಎಮ್‌ಸಿಬಿ ಬದಲಾಯಿಸಿ ಹಳೇ ವೈರನ್ನ ಹಾಗೇ ಬಿಟ್ರೆ ಮುಂದೆ ಬಿಸಿಯಾಗೋದು ಗೋಡೆಯೊಳಗಿನ ವೈರು. ದೊಡ್ಡ ರಾಡು ಬೇಕಂದ್ರೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಹತ್ತಿರ ಬೇರೆ ಲೈನ್ ಎಳೆಸಿ.

ಮಷಿನ್ನಿನ ವಾಪಸ್ ಕ್ಲಾಂಪನ್ನ ಮೇಲಿನ ಪ್ಲೇಟಿಗೇ ಹಾಕಿ, ಕಾಲಿಗೆ ಬೇಡ. ಪ್ಲೇಟಿಗೂ ಕಾಲಿಗೂ ನಡುವೆ ಇರೋದು ಬೋಲ್ಟುಗಳ ಸಣ್ಣ ಸಂಪರ್ಕ. ಪ್ಲೇಟಿನ ಅಂಚಲ್ಲಿ ಕಪ್ಪು ಪದರ ಉಜ್ಜಿ ತೆಗೆದು, ಅಲ್ಲಿ ಕೇಬಲ್ ಲಗ್ಗನ್ನ ಬೋಲ್ಟಲ್ಲಿ ಬಿಗಿದ್ರೆ ಒಳ್ಳೇದು. ಈ ಸಂಪರ್ಕ ಸಡಿಲ ಇದ್ರೆ ಕರೆಂಟು ಬೇರೆ ದಾರಿ ಹುಡುಕತ್ತೆ. ಟೇಬಲ್ ಮೇಲೆ ಲೋಹದ ಮೈಯ ಗ್ರೈಂಡರೋ ಡ್ರಿಲ್ಲೋ ಇದ್ರೆ, ಅದರ ಅರ್ಥಿಂಗ್ ವೈರಿನ ಮೂಲಕ ವೆಲ್ಡಿಂಗ್ ಕರೆಂಟು ಹರಿದು ವೈರು ಸುಟ್ಟುಹೋಗಬಹುದು. ಆಮೇಲೆ ಆ ಡ್ರಿಲ್ಲು ಅರ್ಥಿಂಗ್ ಇಲ್ಲದೇ ಕೆಲಸ ಮಾಡ್ತಿರತ್ತೆ, ನಮಗೆ ಗೊತ್ತೂ ಆಗಲ್ಲ. ಬೆಸೆಯುವಾಗ ಟೇಬಲ್ ಮೇಲಿನ ಬೇರೆ ಟೂಲ್ ತೆಗೆದಿಡಿ.

ಇನ್ನೊಂದು: ಮನೆಯಲ್ಲಿ ಆರ್‌ಸಿಸಿಬಿ ಇದೆ, ಶಾಕ್ ಹೊಡೆಯಲ್ಲ ಅಂದ್ಕೋಬೇಡಿ. ವೆಲ್ಡಿಂಗ್ ಮಷಿನ್ನಿನ ಔಟ್‌ಪುಟ್ ಬದಿ ಮನೆ ಲೈನಿಂದ ಬೇರ್ಪಟ್ಟಿರತ್ತೆ. ರಾಡಿಗೂ ಟೇಬಲ್ಲಿಗೂ ನಡುವೆ ನೀವು ಸಿಕ್ಕಿದ್ರೆ ಆರ್‌ಸಿಸಿಬಿಗೆ ಅದು ಕಾಣೋದೇ ಇಲ್ಲ. ಬೆಸೆಯದೇ ಇರುವಾಗ ರಾಡಲ್ಲಿ 60ರಿಂದ 80 ವೋಲ್ಟ್ ಇರೋದು ಸಾಮಾನ್ಯ. ಒಣ ಕೈಗವಸಲ್ಲಿ ಅದು ಏನೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆ ಮಳೆಯಲ್ಲಿ, ಒದ್ದೆ ನೆಲ, ಬೆವರಿದ ಕೈ, ಚಪ್ಪಲಿ ಕಾಲು ಅಂದ್ರೆ ಜೀವಕ್ಕೇ ಬರಬಹುದು. ಕಾಲ ಕೆಳಗೆ ಒಣ ಮರದ ಹಲಗೆ ಅಥವಾ ರಬ್ಬರ್ ಮ್ಯಾಟ್, ಕಾಲಿಗೆ ಚರ್ಮದ ಬೂಟು, ಒಣಗಿದ ಚರ್ಮದ ಗ್ಲೌಸು. ನೆಲ ಒದ್ದೆ ಇದ್ರೆ ಅವತ್ತು ವೆಲ್ಡಿಂಗ್ ಇಲ್ಲ.

ಬೆಂಕಿ, ತುಕ್ಕು

60 ತೂತಿನ ಟೇಬಲ್ಲಂದ್ರೆ ಕಿಡಿಗೆ 60 ಬಾಗಿಲು. ಕೆಳಗಿನ ಅಡ್ಡಪಟ್ಟಿ ಮೇಲೆ ಹಲಗೆ ಹಾಕಿ ಬಟ್ಟೆ, ಥಿನ್ನರ್, ಪೇಂಟ್ ಡಬ್ಬ ಇಡೋ ಆಸೆ ಎಲ್ಲರಿಗೂ ಬರತ್ತೆ. ಕೆಳಗೆ ಲೋಹದ ಸಾಮಾನು ಮಾತ್ರ ಇರಲಿ. ಪಾರ್ಕಿಂಗಲ್ಲಿ ಸ್ಕೂಟರ್ ದೂರ ನಿಲ್ಲಿಸಿ. ಒಂದು ಬಕೆಟ್ ಮರಳು, ಒಂದು ಡ್ರೈ ಪೌಡರ್ ಅಗ್ನಿಶಾಮಕ ಕೈಗೆ ಸಿಗೋ ಹಾಗಿರಲಿ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ. ಕಿಡಿ ಮೂಲೆಯಲ್ಲಿ ಹೊಗೆಯಾಡ್ತಾ ನಿಧಾನಕ್ಕೆ ಹೊತ್ಕೊಳ್ಳತ್ತೆ. ಪಕ್ಕದ ಮನೆ ಮಕ್ಕಳು ಬೆಳಕು ನೋಡೋಕೆ ಬಂದೇ ಬರ್ತಾರೆ, ಅವರ ಕಣ್ಣಿಗೆ ಮರೆಯಾಗಿ ಒಂದು ತಗಡಿನ ಪರದೆ ನಿಲ್ಲಿಸಿ.

ಮೇಲಿನ ಪ್ಲೇಟಿಗೆ ಪೇಂಟ್ ಬೇಡ, ಕರೆಂಟು ಹರಿಯಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಬೆಸೆಯೋ ಮುಂಚೆ ಆ ಎಣ್ಣೆಯನ್ನ ಒರೆಸಿ ತೆಗೀರಿ, ಇಲ್ಲ ಅಂದ್ರೆ ಹೊಗೆ.

ಟೇಬಲ್ ಬಳಸೋದು: 3-2-1

ಫಿಕ್ಸ್ಚರ್ ಮಾಡೋರ ಒಂದು ಸೂತ್ರ ನಮ್ಮ ಟೇಬಲ್ಲಿಗೂ ಸರಿಹೋಗತ್ತೆ. ಯಾವುದೇ ತುಂಡು ಆರು ರೀತಿ ಅಲುಗಾಡಬಹುದು: ಮೂರು ದಿಕ್ಕಿಗೆ ಸರಿಯೋದು, ಮೂರು ದಿಕ್ಕಲ್ಲಿ ತಿರುಗೋದು. ಕೆಳಗೆ ಮೂರು ಬಿಂದು ಸಿಕ್ಕಿದ್ರೆ ಮೇಲೆ ಕೆಳಗೆ ಆಗೋದು, ವಾಲೋದು ನಿಲ್ಲತ್ತೆ. ಆ ಕೆಲಸ ಪ್ಲೇಟಿನದ್ದು. ಉದ್ದದ ಬದಿಗೆ ಎರಡು ಪಿನ್ನು, ತುದಿಗೆ ಒಂದು ಪಿನ್ನು. ಮೂರು, ಎರಡು, ಒಂದು, ಒಟ್ಟು ಆರು. ಈಗ ತುಂಡು ಒಂದೇ ಜಾಗದಲ್ಲಿ ಕೂರಬಲ್ಲದು. ಕ್ಲಾಂಪಿನ ಕೆಲಸ ಅದನ್ನ ಅಲ್ಲೇ ಒತ್ತಿ ಹಿಡಿಯೋದು ಮಾತ್ರ. ಪಿನ್ನಿಗೆ 16 ಮಿ.ಮೀ. ಬ್ರೈಟ್ ಬಾರಿನ ತುಂಡು ಸಾಕು, ತುದಿಯನ್ನ ಸ್ವಲ್ಪ ಉಜ್ಜಿ ತೂತಿಗೆ ಸಲೀಸಾಗಿ ಇಳಿಯೋ ಹಾಗೆ ಮಾಡಿ.

ಮೊದಲ ಪರೀಕ್ಷೆಗೆ ಉಳಿದ ಪೈಪಲ್ಲಿ ಒಂದೇ ಅಳತೆಯ ಎರಡು ಸಣ್ಣ ಚೌಕಟ್ಟು ಮಾಡಿ, ಅದೇ ಪಿನ್ನುಗಳಿಗೆ ಒತ್ತಿ. ಪೂರ್ತಿ ತಣ್ಣಗಾದ ಮೇಲೆ ಕ್ಲಾಂಪ್ ಬಿಚ್ಚಿ, ಒಂದರ ಮೇಲೊಂದು ಇಡಿ. ಹೊಂದಿದ್ರೆ ಅರ್ಧ ಗೆದ್ದಂಗೆ. ಆಮೇಲೆ ಮೇಲಿನದನ್ನ ಮಗುಚಿ ಮತ್ತೆ ಇಡಿ, ಯಾಕಂದ್ರೆ ಒಂದೇ ಥರ ಸೊಟ್ಟ ಇರೋ ಎರಡು ಚೌಕಟ್ಟು ಕೂಡ ಒಂದರ ಮೇಲೊಂದು ಚೆನ್ನಾಗೇ ಕೂರತ್ತೆ. ಮಗುಚಿದಾಗಲೂ ಅಂಚು ಸೇರಿ, ಅಲ್ಲಾಡದೆ ಕೂತರೆ ನಿಮ್ಮ ಟೇಬಲ್ ಸಿದ್ಧ. ಗೇಟಿನ ಅಳತೆ ತಗೊಳ್ಳೋಕೆ ಹೋಗಬಹುದು.

ನಿಮ್ಮ ಜಾಗಕ್ಕೆ ಬೇರೆ ಅಳತೆ ಬೇಕಿದ್ರೆ, ಪ್ಲೇಟಿನ ಅಳತೆ ಮತ್ತು ಪೈಪಿನ ಸೈಜು ಬರೆದು ಕಳಿಸಿ, ತೂತು ಮತ್ತು ಫ್ರೇಮಿನ ಹೊಂದಾಣಿಕೆ ಒಟ್ಟಿಗೆ ನೋಡೋಣ.